ಎಡಗಿವಿಯ ಬೆಂಚು

ಹೃದಯದ ಕಾಯಿಲೆ ಎಂದರೆ ಜನ ಎದ್ದು ಕುರ್ಚಿ ಕೊಡುತ್ತಾರೆ, ಕಿವಿ ಸೋರುತ್ತದೆ ಎಂದರೆ ಎದ್ದು ಆಚೆ ಹೋಗುತ್ತಾರೆ. ಹಾಗಾಗಿಯೇ ಇರಬೇಕು, ಕಿವಿಯ ಕಾಯಿಲೆಯವರು ತಮ್ಮ ಕಥೆ ಹೇಳಿಕೊಳ್ಳುವುದು ಕಡಿಮೆ. ನಾನು ಹೇಳುತ್ತೇನೆ. ಕಿವಿಗೆ ಹತ್ತಿ ತುರುಕಿಕೊಂಡು, ಮೇಲೆ ಸೆರಗು ಹೊದ್ದು, ಎಲ್ಲೋ ಒಂದು ಆಸ್ಪತ್ರೆಯ ಬೆಂಚಿನ ತುದಿಯಲ್ಲಿ ಕೂತ ಹೆಂಗಸು ಇದನ್ನೋದಿ, "ಅಯ್ಯೋ, ಇವಳಿಗೂ ಹೀಗೇ ಆಗಿತ್ತಲ್ಲ" ಅಂದುಕೊಂಡರೆ ಸಾಕು. ಬರೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ನನಗೆ ನನ್ನ ಅತ್ತೆಯನ್ನು ಹೊಗಳಬೇಕಾಗಿದೆ. ಸೊಸೆ ಅತ್ತೆಯನ್ನು ಹೊಗಳುವುದುಂಟೇ ಎಂದು ನಗುವವರು ನಗಲಿ, ಆಮೇಲೆ ಓದಲಿ.

ನಾವು ಕುಂದಾಪುರದ ಕಡೆಯವರು. ಅರವತ್ತರ ದಶಕದ ಕೊನೆಗೆ ನಾನು ಮದುವೆಯಾಗಿ ಮುಂಬಯಿಗೆ ಬಂದೆ. ವಡಾಲದ ಚಾಳೊಂದರ ಎರಡನೇ ಮಾಳಿಗೆಯಲ್ಲಿ ಒಂದೇ ಕೋಣೆ, ಎದುರಿಗೆ ಉದ್ದಕ್ಕೂ ಎಲ್ಲರಿಗೂ ಸೇರಿದ ಗ್ಯಾಲರಿ. ಗಂಡ ಶೀನ ಹೋಟೆಲಿನಲ್ಲಿ ದೋಸೆ ಹೊಯ್ಯುವ ಕೆಲಸದವನು. ಹೌದು, ಏಕವಚನದಲ್ಲೇ ಬರೆಯುತ್ತೇನೆ. ಬಾಯಲ್ಲಿ ಜೀವಮಾನವಿಡೀ ಬಹುವಚನ ಕೊಟ್ಟಿದ್ದೇನೆ, ಕಾಗದದ ಮೇಲಾದರೂ ನನ್ನಿಷ್ಟ ನಡೆಯಲಿ. ಹೋಟೆಲಿನಲ್ಲಿ ಅವನಿಗೆ ಭಾರೀ ಒಳ್ಳೆಯ ಹೆಸರು. ಗಿರಾಕಿ ಬೈದರೂ ನಗುತ್ತಿದ್ದನಂತೆ. ಮನೆಗೆ ಮಾರಿ ಊರಿಗೆ ಉಪಕಾರಿ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಮದುವೆಯಾದ ಆರನೇ ತಿಂಗಳಿಗೆ ಅವನ ಕೈ ಮೊದಲ ಸಲ ನನ್ನ ಮೇಲೆ ಬಂತು, ಆಮೇಲೆ ಬರುತ್ತಲೇ ಇತ್ತು.

ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮಲ್ಲಿಗೆ ಬಂದರು. ಹೆಸರು ಕಲ್ಯಾಣಿ. ಬರುವಾಗ ಒಂದು ಟ್ರಂಕು, ಒಂದು ಚಾಪೆ, ಊರಿನ ಗಾಣದ ತೆಂಗಿನೆಣ್ಣೆಯ ದೊಡ್ಡ ಬಾಟ್ಲಿ ತಂದಿದ್ದರು. ಅವರಿಗೆ ಎಡಗಿವಿ ಕೇಳುತ್ತಿರಲಿಲ್ಲ. "ಸಣ್ಣಕಿಪ್ಪತ್ತಿಗೆ ಜ್ವರ ಬಂದ್ ಕೆಮಿ ಹೋಯ್ತ್" ಎನ್ನುತ್ತಿದ್ದರು. ಸಣ್ಣವರಿದ್ದಾಗ ಜ್ವರದಲ್ಲಿ ಹೋದದ್ದಂತೆ; ಕೆಮಿ ಎಂದರೆ ನಮ್ಮ ಕಡೆ ಕಿವಿ. ಹಾಗಾಗಿ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೂ, ದಾರಿಯಲ್ಲಿ ನಡೆದರೂ ಎಲ್ಲರೂ ಅತ್ತೆಯ ಬಲಕ್ಕೇ ಇರಬೇಕು. ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಿವಿ ಮಂದವಾದವರ ದನಿ ದೊಡ್ಡದು ನೋಡಿ, ಅತ್ತೆ ಉಪ್ಪು ಕೇಳಿದರೆ ಕೆಳಗಿನ ಮಾಳಿಗೆಯವರು ಉಪ್ಪು ಹುಡುಕುತ್ತಿದ್ದರು. ಚಾಳಿನವರೆಲ್ಲ ಅವರಿಗೆ 'ರೇಡಿಯೊ ಅಜ್ಜಿ' ಎಂದು ಹೆಸರಿಟ್ಟಿದ್ದರು.

ಆ ದಿನ ನಲ್ಲಿಯಲ್ಲಿ ನೀರು ತಡವಾಗಿ ಬಂತು, ಆದ್ದರಿಂದ ಅನ್ನ ತಡವಾಯಿತು. ಹೋಟೆಲಿನವರಿಗೆ ಮಧ್ಯಾಹ್ನ ಎರಡು ತಾಸು ಬಿಡುವು. ಶೀನ ಊಟಕ್ಕೆ ಬಂದಾಗ ಅನ್ನ ಇನ್ನೂ ಒಲೆಯ ಮೇಲಿತ್ತು. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಇದ್ದಿರಬೇಕು ಎಂದು ಆಮೇಲೆ ಎಷ್ಟೋ ಜನ ನನ್ನನ್ನು ಕೆದಕಿ ಕೇಳಿದ್ದಾರೆ, ಇರಲಿಲ್ಲ. ಅತ್ತೆ ಹೊರಗೆ ಗ್ಯಾಲರಿಯಲ್ಲಿ ಚಾಪೆ ಹಾಸಿ ಮಲಗಿದ್ದರು. ಶೀನ ಬಾಗಿಲು ಹಾಕಿಕೊಂಡ. ನಾನು ತಿರುಗಿ ಏನೋ ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಎಡಗೆನ್ನೆಗೂ ಕಿವಿಗೂ ಸೇರಿಸಿ ಅವನ ಅಂಗೈ ಬಿತ್ತು. ಒಳಗೆ ಏನೋ 'ಟಪ್' ಎಂದಿತು. ಆಮೇಲೆ ಒಂದೇ ಸಮನೆ ಕೀ ಎಂಬ ಸದ್ದು. ಅವನು ಬಡಿಸಿಕೊಂಡು ಉಂಡು ಹೋದ. ನಾನು ಗೋಡೆ ಹಿಡಿದುಕೊಂಡೇ ಪಾತ್ರೆ ತೊಳೆದೆ, ಏಕೆಂದರೆ ನೆಲ ತಿರುಗುತ್ತಿತ್ತು.

ಸಂಜೆ ದಿಂಬಿನ ಮೇಲೆ ಎರಡು ಹನಿ ರಕ್ತ ಕಂಡು ಅತ್ತೆ ಏನೂ ಕೇಳಲಿಲ್ಲ. ಒಲೆ ಹೊತ್ತಿಸಿ, ಸೌಟಿನಲ್ಲಿ ಊರಿನ ಎಣ್ಣೆ ಕಾಯಿಸಿ, ನಾಲ್ಕು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ, ಬೆಚ್ಚಗಾದ ಮೇಲೆ ನನ್ನ ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. "ಮರ್ಕಬ್ಯಾಡ ಹೆಣೆ. ಎಣ್ಣೆ ಬಿಟ್ರೆ ಸಮ ಆತ್ತ್", ಅಳಬೇಡ ಹೆಣ್ಣೇ ಎಂದು ಹನಿಹನಿಯಾಗಿ ಕಿವಿಗೆ ಬಿಟ್ಟರು. ನಮ್ಮ ಕಡೆ ಕಿವಿಗೆ ಏನಾದರೂ ಇದೇ ಮದ್ದು. ಕಿವಿಯಲ್ಲಿ ಇರುವೆ ಹೊಕ್ಕರೂ ಬೆಳ್ಳುಳ್ಳಿ ಎಣ್ಣೆ, ಗಂಡ ಹೊಡೆದರೂ ಬೆಳ್ಳುಳ್ಳಿ ಎಣ್ಣೆ. ಆ ಎಣ್ಣೆ ಗಂಟಲಿಗೆ ಇಳಿದು ಬಾಯಲ್ಲಿ ಬೆಳ್ಳುಳ್ಳಿಯ ರುಚಿ ಬಂದಾಗಲೇ ನಮಗೆ ಬುದ್ಧಿ ಬರಬೇಕಿತ್ತು. ಕಿವಿಯ ತಮಟೆ ಹರಿಯದೆ ಕಿವಿಗೆ ಬಿಟ್ಟದ್ದು ಬಾಯಿಗೆ ಬರುತ್ತದೆಯೇ? ನಾವು ಅದನ್ನು ಮದ್ದು ಹತ್ತಿತು ಎಂದುಕೊಂಡೆವು.

ಎಂಟು ದಿನಕ್ಕೆ ಕಿವಿ ಸೋರತೊಡಗಿತು, ಹದಿನೈದು ದಿನಕ್ಕೆ ನಾರತೊಡಗಿತು. ಸೋರಿದಷ್ಟೂ ಅತ್ತೆ ಎಣ್ಣೆ ಬಿಟ್ಟರು, ಎಣ್ಣೆ ಬಿಟ್ಟಷ್ಟೂ ಅದು ಸೋರಿತು. ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಪಕ್ಕದವಳು ಮೂಗಿಗೆ ಸೆರಗು ಹಿಡಿದು ಆಚೆ ಸರಿದಾಗ ನಾನು ಮುಂದಿನ ಸ್ಟೇಷನ್ನಿನಲ್ಲೇ ಇಳಿದುಬಿಟ್ಟೆ. ಶನಿವಾರ ಚಾಳಿನಲ್ಲಿ ಕನ್ನಡದ ಹೆಂಗಸರ ಭಜನೆ ನಡೆಯುತ್ತಿತ್ತು, ತಾಳ ಹಾಕುತ್ತಿದ್ದವಳು ನಾನೇ. ತಾಳ ತಪ್ಪತೊಡಗಿತು. ಎರಡು ವಾರ ಸುಮ್ಮನಿದ್ದರು, ಮೂರನೇ ವಾರ ತಾಳ ಇನ್ನೊಬ್ಬಳ ಕೈಗೆ ಹೋಯಿತು. ಎಡಗಡೆಯಿಂದ ಕರೆದವರಿಗೆ ಓಗೊಡದೆ ಹೋಗುತ್ತಿದ್ದೆನಲ್ಲ, 'ಜಲಜನಿಗೆ ಜಂಬ ಬಂದಿದೆ' ಎಂದು ಮಾತಾಯಿತು. ಜಂಬವಂತೆ! ಮೆಟ್ಟಿಲು ಇಳಿಯುವಾಗ ತಲೆ ತಿರುಗಿ ಕುಳಿತುಕೊಂಡೇ ಇಳಿಯುತ್ತಿದ್ದ ನನಗೆ ಜಂಬ. ನಾಲ್ಕು ತಿಂಗಳಲ್ಲಿ ನಾನು ಸಾಮಾನು ತರುವುದಕ್ಕಲ್ಲದೆ ಕೋಣೆ ಬಿಟ್ಟು ಹೊರಗೆ ಹೋಗುವುದನ್ನೇ ನಿಲ್ಲಿಸಿದೆ.

ಕೊನೆಗೆ ಆಸ್ಪತ್ರೆಗೆ ದಾರಿ ತೋರಿಸಿದ್ದು ರೈಲು. ಒಂದು ಬೆಳಿಗ್ಗೆ ಮೀನು ತರಲು ಹೋಗಿದ್ದೆ. ಸೇತುವೆ ಹತ್ತಲು ತಲೆ ತಿರುಗುತ್ತದೆಂದು ಹಾರ್ಬರ್ ಲೈನಿನ ಹಳಿ ದಾಟುತ್ತಿದ್ದೆ, ಎಡಗಡೆಯಿಂದ ಬಂದ ರೈಲಿನ ಶಿಳ್ಳೆ ಕೇಳಲಿಲ್ಲ. ಮೀನು ಮಾರುವ ಕೋಲಿ ಜನಾಂಗದ ಹೆಂಗಸೊಬ್ಬಳು ಮೀನಿನ ಬುಟ್ಟಿ ಎಸೆದು ನನ್ನ ಜಡೆ ಹಿಡಿದು ಹಿಂದಕ್ಕೆ ಎಳೆದಳು. "ಬಹಿರೀ ಆಹೇಸ್ ಕಾ?" ಎಂದು ಬೈದಳು. ಕಿವುಡಿಯೇನೇ ಎಂದು. ಹೌದು ಎಂದೆ. ಆ ಮಾತನ್ನು ಮೊದಲ ಸಲ ಬಾಯಿಬಿಟ್ಟು ಹೇಳಿ, ಹಳಿಯ ಪಕ್ಕದ ಜಲ್ಲಿಯ ಮೇಲೆ ಕೂತು ಗಟ್ಟಿಯಾಗಿ ಅತ್ತುಬಿಟ್ಟೆ. ಅವಳು ಬೈಯುತ್ತಲೇ ನನ್ನನ್ನು ಚಾಳಿನ ಬಾಗಿಲ ತನಕ ಬಿಟ್ಟು ಹೋದಳು. ಮಣ್ಣಾದ ಮೀನಿಗೆ ಬೆಲೆ ಕೇಳಲಿಲ್ಲ.

ಮರುದಿನ ಅತ್ತೆಯೇ ನನ್ನನ್ನು ಹೊರಡಿಸಿದರು. ಅದು ದೊಡ್ಡ ಸರಕಾರಿ ಆಸ್ಪತ್ರೆ. ಕಿವಿಯ ವಿಭಾಗದ ಹೊರಗೆ ಸಾಲು ಬೆಂಚುಗಳು, ಗೋಡೆಯ ತುಂಬ ಎಲೆಯಡಿಕೆಯ ಕಲೆ. ಆಯಾ ಒಬ್ಬಳು ಕೇಸ್ ಪೇಪರ್ ನೋಡಿ ಜನರನ್ನು ಕೂರಿಸುತ್ತಿದ್ದಳು. ನನ್ನ ಹೆಸರು ಓದಿಸಿಕೊಂಡು, "ಕನ್ನಡದಾಕಿ ಏನ? ಬಾ ಯವ್ವಾ, ಈ ಬೆಂಚಿಗೆ ಬಾ" ಎಂದಳು. ಗಂಗವ್ವ, ಬಿಜಾಪುರದ ಕಡೆಯವಳು. ಗಂಡ ಕಟ್ಟಡದ ಕೆಲಸದಲ್ಲಿ ಬಿದ್ದು ಸತ್ತ ಮೇಲೆ ಆಸ್ಪತ್ರೆಗೆ ಸೇರಿದ್ದಳಂತೆ. ಅವಳು ಕೂರಿಸಿದ ಬೆಂಚಿನಲ್ಲಿ ಆಗಲೇ ನಾಲ್ವರು ಹೆಂಗಸರಿದ್ದರು. ಒಬ್ಬಳು ಗುಜರಾತಿ ಸೀರೆ, ಒಬ್ಬಳು ಕಾಂದಿವಲಿಯ ಕಾರ್ಖಾನೆಯಲ್ಲಿ ದುಡಿಯುವವಳು, ಒಬ್ಬಳ ತೊಡೆಯ ಮೇಲೆ ಮಗು, ಇನ್ನೊಬ್ಬಳು ಕೈತುಂಬ ಚಿನ್ನದ ಬಳೆ. ನಾಲ್ವರಿಗೂ ಹತ್ತಿ ಇದ್ದದ್ದು ಎಡಗಿವಿಯಲ್ಲಿ.

"ಏನಾತು ಕಿವಿಗೆ?" ಗಂಗವ್ವ ಕೇಳಿದಳು.

"ನಲ್ಲಿ ಹತ್ರ ಜಾರಿ ಬಿದ್ದೆ" ಎಂದೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ.

ಗಂಗವ್ವ ನಗಲೂ ಇಲ್ಲ, ಬೈಯಲೂ ಇಲ್ಲ. ನನ್ನ ಬಲಕ್ಕೆ ಬಂದು ಬಗ್ಗಿ ಹೇಳಿದಳು: "ಹನ್ನೊಂದ ವರ್ಷ ಆತು ನಾ ಈ ಬೆಂಚಿಗೆ ಮಂದಿ ಕೂಡ್ಸಾಕತ್ತು. ಈ ಮುಂಬೈದಾಗಿನ ನಳಾ ಎಲ್ಲಾ ಎಡಗಿವಿಗೇ ಬಡೀತಾವ ನೋಡವ್ವಾ. ಬಲಗಿವಿಗೆ ಬಡದ ನಳಾ ನಾ ಒಂದರೆ ಕಂಡಿಲ್ಲ. ಎದುರ ನಿಂತು ಬಲಗೈಲೆ ಹೊಡದ್ರ ಎಲ್ಲಿ ಬೀಳತೈತಿ? ಇಲ್ಲೇ." ತನ್ನ ಎಡಗಿವಿ ಮುಟ್ಟಿ ತೋರಿಸಿದಳು. "ಅದಕ್ಕ ನಾ ಎಲ್ಲಾರ್ನೂ ಒಂದ ಬೆಂಚಿಗೆ ಕೂಡಸ್ತೀನಿ. ಮಾತಾಡಬ್ಯಾಡ್ರಿ. ಒಬ್ಬರ ಮಾರಿ ಒಬ್ರು ನೋಡ್ರಿ, ಸಾಕು."

ನಾನು ನೋಡಿದೆ. ಬಳೆಯ ಹೆಂಗಸು ನನ್ನನ್ನು ನೋಡಿ ತಲೆ ತಗ್ಗಿಸಿದಳು, ಮಗುವಿನವಳು ನನಗೆ ಒಂದಿಷ್ಟು ಜಾಗ ಬಿಟ್ಟು ಸರಿದು ಕೂತಳು. ನಾಲ್ಕು ತಿಂಗಳಲ್ಲಿ ನನ್ನ ಪಕ್ಕ ಮೂಗು ಮುಚ್ಚದೆ ಕೂತವರು ಅವರೇ ಮೊದಲಿಗರು. ಅತ್ತೆ ಎದುರಿಗೆ ಗೋಡೆಗೊರಗಿ ನಿಂತಿದ್ದರು. ಗಂಗವ್ವನ ಮಾತು ಅವರಿಗೆ ಎಷ್ಟು ಕೇಳಿಸಿತೋ ನನಗೆ ತಿಳಿಯಲಿಲ್ಲ. ಬೆಂಚಿನ ಈ ತುದಿಯಿಂದ ಆ ತುದಿಗೆ, ಒಂದೊಂದೇ ಹತ್ತಿಯ ಉಂಡೆಯನ್ನು ನೋಡುತ್ತಾ ಹೋದರು.

ಒಳಗೆ ಒಬ್ಬ ಲೇಡಿ ಡಾಕ್ಟರು. ಕನ್ನಡಿಯಿಂದ ಕಿವಿಗೆ ಬೆಳಕು ಬಿಟ್ಟು ನೋಡಿದರು, ಮುಖ ಗಂಟಿಕ್ಕಿದರು. "ತೇಲ್ ಕಿಸ್ನೇ ಡಾಲಾ?" ಎಣ್ಣೆ ಹಾಕಿದ್ದು ಯಾರು ಎಂದು ಗದರಿದರು. ತಮಟೆ ಹರಿದಿದೆ, ಸುಮ್ಮನೆ ಒಣಗಿಸಿಟ್ಟಿದ್ದರೆ ತಾನಾಗಿ ಕೂಡಿಕೊಳ್ಳುತ್ತಿತ್ತೇನೋ, ಎಣ್ಣೆ ಬಿಟ್ಟು ಬಿಟ್ಟು ಕೀವು ಮಾಡಿಕೊಂಡಿದ್ದೀರಿ ಎಂದು ಹೇಳಿದ್ದನ್ನು ಗಂಗವ್ವ ಕನ್ನಡಕ್ಕೆ ತಂದಳು. ಮೆತ್ತಗೆ ಮಾಡಿಯೇ ತಂದಳು, ಆದರೂ ಅತ್ತೆಯ ಮುಖದ ಬಣ್ಣ ಹೋಯಿತು. ಮನೆಗೆ ಬಂದವರೇ ಆ ಬಾಟ್ಲಿಯನ್ನು ಟ್ರಂಕಿನೊಳಗೆ ಇಟ್ಟು ಬೀಗ ಹಾಕಿದರು.

ಎರಡು ತಿಂಗಳು ವಾರಕ್ಕೆರಡು ಸಲ ಹೋಗಿ ಕಿವಿ ಒಣಗಿಸಿಕೊಂಡದ್ದಾಯಿತು. ಅದಕ್ಕಿಂತ ಹೆಚ್ಚಿಗೆ ಆ ಬೆಂಚು ನನ್ನನ್ನು ಒಣಗಿಸಿತು ಎನ್ನಬೇಕು. ಗಂಗವ್ವ ದಿನಾ ಅರ್ಧ ಗ್ಲಾಸು ಚಹಾ ತಂದು, "ಉಳದಿತ್ತು" ಎಂದು ಸುಳ್ಳು ಹೇಳಿ ಕೊಡುತ್ತಿದ್ದಳು. ಆಮೇಲೆ ಡಾಕ್ಟರು ಹೇಳಿದರು: ಆಪರೇಷನ್ ಮಾಡಿ ಹೊಸ ಪೊರೆ ಕೂರಿಸಬೇಕು, ಕೇಳಿಸುವುದು ಎಷ್ಟು ಬರುತ್ತದೋ ಹೇಳಲಾಗದು, ಮಾಡದಿದ್ದರೆ ಕೀವು ಮಿದುಳಿಗೆ ಏರಬಹುದು. ಗಂಡ ಬಂದು ಫಾರಮ್ಮಿಗೆ ಸಹಿ ಹಾಕಬೇಕು.

ಮಧ್ಯಾಹ್ನ ಊಟಕ್ಕೆ ಕೂತ ಶೀನನಿಗೆ ಹೇಳಿದೆ. ಅವನು ಸಾರು ಕಲಸುತ್ತ, "ಒಂದ್ ಕೆಮಿಗೆ ಅಷ್ಟೆಲ್ಲ ಎಂತಕ್ಕೆ? ಅಮ್ಮ ಒಂದೇ ಕೆಮಿಯಂಗೆ ಇಷ್ಟ್ ವರ್ಷ ಬದ್ಕಲಿಲ್ಯಾ?" ಎಂದ.

ಅತ್ತೆ ಅವನ ಎಡಕ್ಕೆ ಕೂತಿದ್ದರು, ಅವರ ಬಲಗಿವಿ ಅವನ ಕಡೆಗೇ ಇತ್ತು. ಬಾಯಿಗೆ ಹೋಗುತ್ತಿದ್ದ ತುತ್ತು ಕೆಳಗಿಟ್ಟು ಎದ್ದು ಕೈತೊಳೆದರು. ಇವರೂ ಅವನ ಮಾತಿಗೇ ಹೂಂಗುಟ್ಟಿದರೆ ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಮರುದಿನ ಅತ್ತೆ ನನಗಿಂತ ಮೊದಲೇ ಸೀರೆಯುಟ್ಟು ನಿಂತಿದ್ದರು. ಆಸ್ಪತ್ರೆಯಲ್ಲಿ ಸರತಿ ಬರುವ ತನಕ ನನ್ನ ಜೊತೆ ಅದೇ ಬೆಂಚಿನ ಮೇಲೆ ಕೂತರು. ಡಾಕ್ಟರು ಕೇಸ್ ಪೇಪರ್ ತೆಗೆದು, ಹಿಂದೆ ಬರೆದಿದ್ದ 'ಜಾರಿ ಬಿದ್ದದ್ದು' ಎಂಬುದರ ಮೇಲೆ ಪೆನ್ನಿಟ್ಟು, ಗಂಡ ಎಲ್ಲಿ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಶುರು ಮಾಡಿದರು, ತಮ್ಮ ಸಹಜ ದನಿಯಲ್ಲಿ, ಅಂದರೆ ಹೊರಗಿನ ಮೂರು ಬೆಂಚಿಗೂ ಕೇಳುವ ಹಾಗೆ:

"ಹ್ವಾಯ್ ಡಾಕ್ಟ್ರೇ, ಜಾರಿ ಬಿದ್ದದ್ದೂ ಅಲ್ಲ, ಎಂತದೂ ಅಲ್ಲ. ನನ್ನ ಮಗ ಹೊಡ್ದದ್. ಬರ್ಕಣಿ. ನನ್ ಕೆಮಿಗೂ ಜ್ವರ ಬಂದದ್ದಲ್ಲ. ಅವ್ನ ಅಪ್ಪ ಹೊಡ್ದದ್. ಆಗ್ಲೂ ಬೆಳ್ಳುಳ್ಳಿ ಎಣ್ಣೆಯೇ ಬಿಟ್ಟದ್, ನನ್ನ ಅತ್ತೆ. ನಾನ್ ಅದನ್ನೇ ಇವ್ಳಿಗೆ ಬಿಟ್ಟೆ. ಗಂಡ ಬಪ್ಪುದಿಲ್ಲ. ನಾ ಬಂದಿದೆ, ಹೆಬ್ಬೆಟ್ಟ್ ಎಲ್ಲಿ ಒತ್ತುದ್ ಹೇಳಿ."

ಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಅಷ್ಟನ್ನೂ ಒಂದಕ್ಷರ ಬಿಡದೆ ಡಾಕ್ಟರಿಗೆ ಹೇಳಿದಳು. ಡಾಕ್ಟರು ಹಳೆಯ ಮಾತು ಹೊಡೆದುಹಾಕಿ ಹೊಸದು ಬರೆದರು, ಫಾರಮ್ಮು ತಿರುಗಿಸಿ ಅತ್ತೆಯ ಮುಂದಿಟ್ಟರು. ನನ್ನ ಕಿವಿ ಇವತ್ತು ಇರುವುದು ಆ ನೀಲಿ ಹೆಬ್ಬೆಟ್ಟಿನಿಂದ. ನಾಲ್ಕು ಮಾತು ಹೇಳಲು ಅತ್ತೆಗೆ ಮೂವತ್ತು ವರ್ಷ ಬೇಕಾಯಿತು ಎಂದು ಯಾರಾದರೂ ಹೀಯಾಳಿಸಿದರೆ ನಾನು ಜಗಳಕ್ಕೆ ನಿಲ್ಲುತ್ತೇನೆ. ಹೆತ್ತ ಮಗನ ಮೇಲೆ, ಸತ್ತ ಗಂಡನ ಮೇಲೆ, ಕಾಗದದಲ್ಲಿ ಹೇಳಿಕೆ ಕೊಟ್ಟ ಇನ್ನೊಬ್ಬ ಅತ್ತೆಯನ್ನು ನಾನು ಕಂಡಿಲ್ಲ.

ಮಗನ ಸರದಿ ಅದೇ ಮಧ್ಯಾಹ್ನ ಬಂತು. ಅವನು ಗ್ಯಾಲರಿಗೆ ಕಾಲಿಡುವಾಗ ಅತ್ತೆ ಅವನ ಹಾಸಿಗೆಯ ಸುರುಳಿಯನ್ನು ಬಾಗಿಲ ಹೊರಗಿಟ್ಟು ನಿಂತಿದ್ದರು.

"ಶೀನ, ನಿನ್ನ ಅಪ್ಪಯ್ಯ ಹೊಡ್ದದ್ದನ್ನ ನಾನ್ ಜ್ವರ ಅಂತ ಹೇಳ್ದೆ. ಹಾಂಗ್ ಹೇಳಿಯೇ ನೀನ್ ಹೀಂಗಾದ್ದ್. ಇನ್ನ್ ಹೇಳುದಿಲ್ಲ. ಕೈ ಸಮ ಆಪ್ವರೆಗೆ ಹೋಟ್ಲಲ್ಲೇ ಮನಿಕೋ."

"ಅಮ್ಮ, ಮೆಲ್ಲ ಮಾತಾಡ್" ಎಂದ ಶೀನ. ಎರಡೂ ಕಡೆ ಬಾಗಿಲುಗಳಲ್ಲಿ ತಲೆಗಳು ಕಾಣಿಸಿಕೊಂಡಿದ್ದವು.

"ನಂಗ್ ಮೆಲ್ಲ ಮಾತಾಡೂಕ್ ಬತ್ತಿಲ್ಲ ಮಗ. ಕೆಮಿ ಹೋದವ್ಳ್" ಎಂದರು ಅತ್ತೆ, ಇನ್ನೂ ಗಟ್ಟಿಯಾಗಿ. ಮೂರು ಮಾಳಿಗೆಗೂ ಸುದ್ದಿ ಮುಟ್ಟಿತು. ಶೀನ ಹಾಸಿಗೆ ಎತ್ತಿಕೊಂಡು ಇಳಿದು ಹೋದ. ಆ ಶನಿವಾರ ಭಜನೆಯ ಹೆಂಗಸರು ಬಂದು ತಾಳವನ್ನು ನನ್ನ ಮಡಿಲಲ್ಲಿಟ್ಟರು. "ಜಂಬ ಅಂದ್ಕೊಂಡಿದ್ವಿ ಮಾರಾಯ್ತಿ, ಮನಸ್ಸಿಗೆ ಹಚ್ಚಿಕೊಳ್ಬೇಡ" ಎಂದರು. ನಾನು ಹಚ್ಚಿಕೊಂಡೇ ಇದ್ದೆ, ಆದರೂ ತಾಳ ತೆಗೆದುಕೊಂಡೆ.

ಶೀನ ಹದಿನಾಲ್ಕು ತಿಂಗಳು ಹೋಟೆಲಿನಲ್ಲೇ ಮಲಗಿದ. ವಾರಕ್ಕೊಮ್ಮೆ ಬಂದು ಬಾಗಿಲಲ್ಲಿ ಕೂತು ಹೋಗುತ್ತಿದ್ದ. ಮತ್ತೆ ಒಳಗೆ ಬಂದ ಮೇಲೆ ಅವನ ಕೈ ನನ್ನ ಮೇಲೆ ಏಳಲಿಲ್ಲ, ಅತ್ತೆಯ ಚಾಪೆ ಗ್ಯಾಲರಿಯಿಂದ ಬಾಗಿಲ ಒಳಗೆ ಬಂದಿತ್ತು. ಹೊಡೆಯಲಿಲ್ಲ ಎಂದು ಅವನನ್ನು ಹೊಗಳು ಎನ್ನಬೇಡಿ. ಹೊಡೆಯದಿರುವುದಕ್ಕೆಲ್ಲ ಪದಕ ಕೊಡುತ್ತಾರೆಯೇ? ಇವತ್ತಿಗೂ ಯಾರಾದರೂ ಪಕ್ಕದಲ್ಲಿ ತಟ್ಟನೆ ಕೈ ಎತ್ತಿದರೆ, ಅದು ಬಸ್ಸು ನಿಲ್ಲಿಸುವುದಕ್ಕಾದರೂ ಸರಿ, ನನ್ನ ಎಡಭುಜ ತಾನಾಗಿ ಕಿವಿಗೆ ಏರುತ್ತದೆ. ಅದಕ್ಕೆ ಆಪರೇಷನ್ ಇಲ್ಲ.

ಕಿವಿಗೆ ಇತ್ತು. ಕಿವಿಯ ಹಿಂದಿನ ಕೂದಲು ಬೋಳಿಸುವಾಗ ನಾನು ಮದುವೆಯ ದಿನಕ್ಕಿಂತ ಹೆಚ್ಚು ಹೆದರಿದ್ದೆ. ಗಂಗವ್ವ ಉಳಿದರ್ಧ ಕೂದಲಿಗೆ ಎಣ್ಣೆ ಹಚ್ಚದೆ ಬಾಚಿ, ಬಲಕ್ಕೆ ಒಂದೇ ಜಡೆ ಹೆಣೆದು, "ಚಂದ ಕಾಣ್ತಿ ಬಿಡು, ಅರ್ಧ ಮದುಮಗಳು" ಎಂದು ನಗಿಸಿದಳು. ಪಟ್ಟಿ ಕಟ್ಟಿದ ತಲೆಯೊಳಗೆ ದಿನಗಟ್ಟಲೆ ಬರೀ ನನ್ನದೇ ಎದೆಬಡಿತ. ಅತ್ತೆ ದಿನಾ ಗಂಜಿ ತಂದು ಕುಡಿಸಿದರು.

ಮೂರು ವಾರದ ಮೇಲೆ ಒಳಗಿನ ಹತ್ತಿ ತೆಗೆದ ದಿನ ಅತ್ತೆ ಹೊರಗೆ ಬೆಂಚಿನಲ್ಲಿ ಕಾಯುತ್ತಿದ್ದರು. ಡಾಕ್ಟರು ಕಬ್ಬಿಣದ ಕವೆಗೋಲೊಂದನ್ನು ತಟ್ಟಿ ಕಿವಿಯ ಹತ್ತಿರ ಹಿಡಿದರು. ದೂರದಲ್ಲೆಲ್ಲೋ ದುಂಬಿ ಸುಳಿದ ಹಾಗೆ ಸಣ್ಣ ಸದ್ದು. ಅಷ್ಟೇ ಇನ್ನೂ. ಬರಬರುತ್ತ ಹೆಚ್ಚಬಹುದು, ನೋಡೋಣ ಎಂದರು. ಅತ್ತೆಯ ಕಿವಿಯನ್ನೂ ನೋಡಿ ಎಂದು ನಾನು ಹಟ ಮಾಡಿ ಅವರನ್ನು ಒಳಗೆ ಕರೆಸಿದೆ. ನೋಡಿದರು, ತಲೆಯಾಡಿಸಿದರು, ತೀರ ತಡವಾಗಿತ್ತು. "ಇರ್ಲಿ ಬಿಡಿ, ಇವ್ಳದ್ ಒಂದ್ ಸಮ ಆದ್ರೆ ಆಯ್ತ್" ಎಂದು ಅತ್ತೆ ಎದ್ದರು. "ಕೇಂಡಿತಾ", ಕೇಳಿಸಿತೇ ಎಂದು ನನ್ನನ್ನು ಕೇಳಲಿಲ್ಲ. ಕೇಳಲು ಹೆದರಿದ್ದರು ಎಂದು ಕಾಣುತ್ತದೆ.

ನಡೆದೇ ಹೊರಟೆವು. ಅಭ್ಯಾಸದಂತೆ ನಾನು ಅವರ ಬಲಕ್ಕೆ, ಅಂದರೆ ಅವರು ನನ್ನ ಎಡಕ್ಕೆ, ಹತ್ತಿ ತೆಗೆದ ಕಿವಿಯ ಕಡೆಗೆ. ಟ್ರಾಫಿಕ್ಕು ಕಡಿಮೆಯಿದ್ದ ಒಂದು ಗಲ್ಲಿಗೆ ತಿರುಗಿದಾಗ ಅತ್ತೆ ಮುಂದೆ ನೋಡುತ್ತಲೇ, ತಮ್ಮಷ್ಟಕ್ಕೆ, ಮೆಲ್ಲಗೆ ಮಾತಾಡತೊಡಗಿದರು. ಅವರಿಗೆ ಮೆಲ್ಲಗೆ ಮಾತಾಡಲು ಬರುತ್ತದೆ ಎಂದೇ ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ.

"ಅವತ್ತ್ ನಂಗೆ ಕೇಂಡಿತ್ ಹೆಣೆ. ಗ್ಯಾಲರಿಯಂಗೆ ಮನಿಕಂಡಿದ್ದೆ, ನಿಂಗೆ ಹೊಡ್ದದ್ ಕೇಂಡಿತ್. ಕೇಂಬ ಕೆಮಿನ ಚಾಪೆಗೆ ಒತ್ತಿ ಮನಿಕಂಡೆ. ಅದೊಂದೇ ಸಲ ಅಲ್ಲ, ಎಲ್ಲಾ ಸಲ."

ನನ್ನ ಕಾಲು ನಿಂತಿತು. ಅವರು ಎರಡು ಹೆಜ್ಜೆ ಮುಂದೆ ಹೋಗಿ ತಿರುಗಿ ನೋಡಿದರು. ಸಿಟ್ಟು ಬರಲಿಲ್ಲವೇ ಎಂದರೆ, ಬಂತು. ಆ ಎಲ್ಲಾ ಮಧ್ಯಾಹ್ನಗಳು ಒಟ್ಟಿಗೆ ಕಣ್ಣೆದುರಿಗೆ ಬಂದವು. ಅವುಗಳ ಹಿಂದೆಯೇ ಆ ನೀಲಿ ಹೆಬ್ಬೆಟ್ಟೂ ಬಂತು. ನಾನು ಹೋಗಿ ಅವರ ಕೈ ಹಿಡಿದುಕೊಂಡು, ಅವರ ಬಲಗಿವಿಗೆ ಬಾಯಿಟ್ಟು ಹೇಳಿದೆ:

"ಅತ್ತೆ, ಕೇಂಡಿತ್."

ಅವರು ಅಲ್ಲೇ, ನಡುಬೀದಿಯಲ್ಲಿ, ಚಾಳಿನ ಮೂರು ಮಾಳಿಗೆಗೂ ಕೇಳುವ ಹಾಗೆ ಅಳತೊಡಗಿದರು. ಅಷ್ಟನ್ನೂ ನಾನು ಎರಡೂ ಕಿವಿಯಲ್ಲಿ ಕೇಳಿದೆ.